ಅಕ್ಷರವಿಲ್ಲದ ಅಜ್ಜಿಯ ಎರಡು ಭಾಷೆ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿದ್ದ ನಮ್ಮ ಅಜ್ಜಿ ಹೆಬ್ಬೆಟ್ಟಿನವರು. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಎಂಬತ್ತು ಕಳೆದ ಮೇಲೂ ಯಾರ ಹೊಲದ ಬದು ಎಲ್ಲಿದೆ, ಯಾರು ಎಷ್ಟು ಸೇರು ರಾಗಿ ಕಡ ಒಯ್ದಿದ್ದಾರೆ ಎಂಬುದನ್ನು ತಪ್ಪಿಲ್ಲದೆ ಹೇಳುತ್ತಿದ್ದರು. ಹಳೆಯ ಕಾಲದ ಊಟದ ಬಲವೆಂದು ನಾವು ನಂಬಿದ್ದೆವು.

2013ರಲ್ಲಿ 'ನ್ಯೂರಾಲಜಿ' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದನ್ನು ಓದಿದಾಗ ಆ ನಂಬಿಕೆ ಅಲುಗಾಡಿತು. ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾದಿಂದ ಬಳಲುತ್ತಿದ್ದ 648 ಮಂದಿಯನ್ನು ಪರಿಶೀಲಿಸಿದ್ದರು. ಒಂದೇ ಭಾಷೆಯವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು. ಆದುದರಿಂದ ಇದನ್ನು ಶಾಲೆಯ ಫಲವೆನ್ನುವಂತಿಲ್ಲ. ದ್ವಿಭಾಷಿಕರ ಮಿದುಳಿನಲ್ಲಿ ಎರಡು ಭಾಷೆಗಳೂ ಎಚ್ಚರವಾಗಿಯೇ ಇರುತ್ತವೆ. ಒಂದನ್ನು ಆಡುವಾಗ ಇನ್ನೊಂದನ್ನು ತಡೆಹಿಡಿಯಬೇಕು. ದಿನವಿಡೀ ನಡೆಯುವ ಈ ಕಸರತ್ತೇ ಮಿದುಳಿನಲ್ಲಿ ಮೀಸಲು ಶಕ್ತಿಯನ್ನು ಕೂಡಿಡುತ್ತದೆಂಬುದು ಸಂಶೋಧಕರ ಊಹೆ.

ಎಲ್ಲರೂ ಇದನ್ನು ಒಪ್ಪಿಲ್ಲ. ಆರೋಗ್ಯವಂತರನ್ನೇ ವರ್ಷಗಟ್ಟಲೆ ಹಿಂಬಾಲಿಸಿದ ಕೆಲವು ಅಧ್ಯಯನಗಳಲ್ಲಿ ಇಂಥ ಲಾಭ ಸ್ಪಷ್ಟವಾಗಿ ಕಂಡಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ವರ್ಷ ದಾಟಿದ 10,000 ಗ್ರಾಮೀಣರನ್ನು ದೀರ್ಘಕಾಲ ಗಮನಿಸುವ ಯೋಜನೆ ಹಮ್ಮಿಕೊಂಡಿದೆ. ತೆಲುಗು, ಕನ್ನಡ ಬೆರೆತ ಆ ನೆಲದಿಂದ ಉತ್ತರ ಬಂದೀತೇ ಎಂಬ ಕುತೂಹಲ ನನ್ನದು.

ನನ್ನ ಮಗಳಿಗೆ ತೆಲುಗು ಬಾರದು. ಇಂಗ್ಲಿಷಿಗೆ ಅಡ್ಡಿಯಾದೀತೆಂದು ಅದನ್ನು ಮನೆಯಿಂದ ಹೊರಗಿಟ್ಟವನು ನಾನೇ. ಕೊನೆಯ ದಿನಗಳಲ್ಲಿ ಅಜ್ಜಿಯ ಬಾಯಲ್ಲಿ ತೆಲುಗೊಂದೇ ಉಳಿದಿತ್ತು. ಅವರು ಕೈಹಿಡಿದು ಹೇಳಿದ್ದೇನೆಂದು ಆರು ವರ್ಷದ ಆ ಹುಡುಗಿ ನನ್ನತ್ತ ತಿರುಗಿ ಕೇಳಬೇಕಾಯಿತು.