ಎರಡು ಚುನಾವಣೆಗಳ ನಡುವಣ ಹಳ್ಳಿ

ಸಿಂಧನೂರು ತಾಲೂಕಿನ ಮುಕ್ಕುಂದದಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲೆ ನಿಂತು ಆಚೆಯ ದಡವನ್ನು ದಿಟ್ಟಿಸುವ ಇಂದಿನ ತರುಣನಿಗೆ ಅಲ್ಲಿ ಕಾಣುವುದು ಸಿರುಗುಪ್ಪ ಸೀಮೆಯ ಹೊಲಗದ್ದೆಗಳೇ ಹೊರತು ಪರರಾಜ್ಯವಲ್ಲ. ಆದರೆ 1948ನೆಯ ಇಸವಿಯ ಸೆಪ್ಟೆಂಬರಿನವರೆಗೆ ಈ ನದಿಯೇ ಎರಡು ಆಡಳಿತಗಳನ್ನು ಬೇರ್ಪಡಿಸುವ ಗಡಿಯಾಗಿದ್ದಿತು. ಆಚೆಯದು ಮದ್ರಾಸ್ ಪ್ರಾಂತಕ್ಕೆ ಸೇರಿದ ಬಳ್ಳಾರಿ ಜಿಲ್ಲೆ; ಈಚೆಯದು ಹೈದರಾಬಾದಿನ ನಿಜಾಮರ ರಾಯಚೂರು ಜಿಲ್ಲೆ. ಎರಡು ದಡಗಳಲ್ಲಿಯೂ ಆಡುವ ಮಾತು ಒಂದೇ, ಬಿತ್ತುವ ಜೋಳವೊಂದೇ, ಕೊಟ್ಟು ತರುವ ಬೀಗತನವೂ ಒಂದೇ ಆಗಿದ್ದರೂ, ರಾಜಕೀಯ ಪಕ್ಷವೊಂದನ್ನು ಕಟ್ಟುವ ಸ್ವಾತಂತ್ರ್ಯ ಮಾತ್ರ ಎರಡು ದಡಗಳಲ್ಲಿ ಒಂದೇ ಆಗಿರಲಿಲ್ಲ. ಆಚೆ ಕಾಂಗ್ರೆಸ್ಸಿನ ಸಭೆಗಳು ನಡೆಯುತ್ತಿದ್ದ ಕಾಲದಲ್ಲಿ, ಈಚೆ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಬಲದಿಂದ, ಸರ್ಕಾರದ ಪೂರ್ವಾನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರುವುದೇ ಅಪರಾಧವಾಗಿದ್ದಿತು.

ಗ್ರಾಮಾಂತರ ಪ್ರದೇಶದಲ್ಲಿ ಪಕ್ಷಸಂಘಟನೆ ಎಂದರೇನು, ಅದು ಯಾರ ಪ್ರಯೋಜನಕ್ಕೆ, ಯಾವ ರೀತಿಯಲ್ಲಿ ನಡೆಯತಕ್ಕದ್ದು ಎಂಬುದನ್ನು ವಿಚಾರಮಾಡಲು ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನಷ್ಟು ಬೋಧಪ್ರದವಾದ ಸೀಮೆ ಕರ್ನಾಟಕದಲ್ಲಿ ಮತ್ತೊಂದಿರಲಾರದು. ಏಕೆಂದರೆ ಇಲ್ಲಿ ಸಂಘಟನೆಯು ಚುನಾವಣೆಗಿಂತ ಮೊದಲೇ ಹುಟ್ಟಿತು. ಮತವೆಂಬುದೊಂದು ಕೈಗೆ ಬರುವ ಮುನ್ನವೇ ಜನರನ್ನು ಒಂದುಗೂಡಿಸಬೇಕಾದ ಕಷ್ಟವನ್ನು ಇಲ್ಲಿಯ ಹಿರಿಯರು ಅನುಭವಿಸಿದ್ದರು.

ರಾಜಕೀಯವೆಂಬ ಹೆಸರನ್ನು ಎತ್ತುವಂತಿಲ್ಲದ ಆ ದಿನಗಳಲ್ಲಿ ಸಂಘಟನೆಯು ಶಾಲೆ, ವಾಚನಾಲಯ, ಭಾಷಾಪರಿಷತ್ತುಗಳ ರೂಪವನ್ನು ತಾಳಿತು. ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ನಿಜಾಮ ಸರ್ಕಾರದ ಅವಕೃಪೆಗೆ ಪಾತ್ರರಾಗಿ ಸಂಸ್ಥಾನವನ್ನು ತೊರೆಯಬೇಕಾಗಿ ಬಂದಾಗ, ಇದೇ ನದಿಯ ಆಚೆಯ ದಡದಲ್ಲಿ, ತುಂಗಭದ್ರಾ ಎಂಬ ಊರಿನಲ್ಲಿ, ಪ್ರೇಮಾಯತನ ಆಶ್ರಮವನ್ನು ಸ್ಥಾಪಿಸಿದರು. ತೆಲುಗರಿಗೆ ಆಂಧ್ರ ಮಹಾಸಭೆ, ಮರಾಠಿಗರಿಗೆ ಮಹಾರಾಷ್ಟ್ರ ಪರಿಷತ್ತು ಇದ್ದಂತೆ ಕನ್ನಡಿಗರಿಗೆ ನಿಜಾಮ ಕರ್ನಾಟಕ ಪರಿಷತ್ತು ರೂಪುಗೊಂಡಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪನೆಯಾಗುವ ಹೊತ್ತಿಗೇ ಅದರ ಮೇಲೆ ನಿಷೇಧಾಜ್ಞೆ ಬಿದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ನಿಷೇಧ ತೆರವಾದುದು 1946ರಲ್ಲಿ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ 1947ರ ಆಗಸ್ಟ್ 7ರಂದು ಭಾರತ ಒಕ್ಕೂಟವನ್ನು ಸೇರುವ ಚಳವಳಿಗೆ ಕರೆಯಿತ್ತ ಮೇಲಂತೂ, ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಯೂರುಗಳಲ್ಲಿ ಶಿಬಿರಗಳು ಏರ್ಪಟ್ಟು, ಹಳ್ಳಿಯ ಯುವಕರು ಮನೆಮಠಗಳನ್ನು ಬಿಟ್ಟು ಅವುಗಳನ್ನು ಸೇರಿದರು. ಮುಂಡರಗಿ ಶಿಬಿರವನ್ನು ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳು 1952ರ ಪ್ರಥಮ ಮಹಾಚುನಾವಣೆಯಲ್ಲಿ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಯಾವ ಪಕ್ಷದ ಆಶ್ರಯವೂ ಇಲ್ಲದೆ ಸ್ವತಂತ್ರರಾಗಿ ಗೆದ್ದುಬಂದರು. ಆ ವಿಜಯದಲ್ಲಿ ನನಗೆ ಮಹತ್ವದ್ದೆಂದು ತೋರುವ ಅಂಶವೊಂದುಂಟು: ಜನರು ಮನ್ನಿಸಿದುದು ಧ್ವಜವನ್ನಲ್ಲ, ಕಷ್ಟಕಾಲದಲ್ಲಿ ತಮ್ಮೊಡನೆ ಇದ್ದವರನ್ನು.

ಆ ಬಳಿಕ ಸೀಮೆಯ ಸ್ವರೂಪವೇ ಬದಲಾಯಿತು. 1953ರಲ್ಲಿ ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೂ ಸೇರಿತು. ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಎರೆಭೂಮಿಯ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಆಂಧ್ರದ ಕರಾವಳಿಯಿಂದ ಬಂದ ರೈತರು ಭೂಮಿಯನ್ನು ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪುಗಳು ಏರ್ಪಟ್ಟವು. ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಭಾಗದಲ್ಲಿಯಾದರೋ ಇಂದಿಗೂ ಹಳೆಯ ಹಳ್ಳಿ, ಹಟ್ಟಿ, ತಾಂಡಾಗಳೇ. ಹಟ್ಟಿಯ ಚಿನ್ನದ ಗಣಿಯಲ್ಲಿ ಕಾರ್ಮಿಕ ಸಂಘಗಳ ಪರಂಪರೆ ಬೇರೆ. ಕನ್ನಡ, ತೆಲುಗು, ಬಂಗಾಳಿ, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಇಂಥ ಸೀಮೆಯಲ್ಲಿ ಪಕ್ಷವನ್ನು ಕಟ್ಟಹೊರಡುವವನು, ರಾಜಧಾನಿಯಲ್ಲಿ ಅಚ್ಚಾದ ಕರಪತ್ರವನ್ನು ಹಂಚಿದ ಮಾತ್ರಕ್ಕೆ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುವಂತಿಲ್ಲ.

ಹಾಗಾದರೆ ಪಕ್ಷವು ಹಳ್ಳಿಯಲ್ಲಿ ನಿಲ್ಲುವುದು ಯಾವುದರ ಮೇಲೆ? ಕಾಗದದ ಮೇಲಿನ ಉತ್ತರ ಸರಳವಾಗಿದೆ. ಎಲ್ಲಕ್ಕೂ ಕೆಳಗೆ ಬೂತ್ ಸಮಿತಿ. ಅದರ ಮೇಲೆ ಹೋಬಳಿ, ಬ್ಲಾಕ್ ಅಥವಾ ಮಂಡಲ ಸಮಿತಿ. ಬಳಿಕ ಜಿಲ್ಲೆ, ರಾಜ್ಯ. ಮತಗಟ್ಟೆಯೊಂದಕ್ಕೆ ಸೇರಿದ ಸಾವಿರ, ಸಾವಿರದಿನ್ನೂರು ಮತದಾರರ ಪಟ್ಟಿಯ ಒಂದೊಂದು ಪುಟಕ್ಕೂ ಒಬ್ಬೊಬ್ಬನನ್ನು ಹೊಣೆಮಾಡುವ ‘ಪೇಜ್ ಪ್ರಮುಖ್’ ಪದ್ಧತಿಯನ್ನು ಭಾರತೀಯ ಜನತಾ ಪಕ್ಷವು ಬಳಕೆಗೆ ತಂದಿದೆ. ಇತರ ಪಕ್ಷಗಳೂ ಬೂತ್ ಮಟ್ಟದ ಏಜೆಂಟರನ್ನು ನೇಮಿಸಿಕೊಳ್ಳುತ್ತವೆ. ಮತದಾರರ ಪಟ್ಟಿಯ ಪರಿಷ್ಕರಣೆಯ ಕಾಲದಲ್ಲಿ ಈ ಏಜೆಂಟರ ಕೆಲಸ ಅತ್ಯಂತ ಬೆಲೆಯುಳ್ಳದ್ದು. ಹದಿನೆಂಟು ತುಂಬಿದವರಿಗೆ ನಮೂನೆ 6, ಮೃತರ ಅಥವಾ ಊರು ಬಿಟ್ಟವರ ಹೆಸರನ್ನು ತೆಗೆಯಿಸಲು ನಮೂನೆ 7, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8, ಇವುಗಳನ್ನು ತುಂಬಿಸಿ ಬೂತ್ ಮಟ್ಟದ ಅಧಿಕಾರಿಗೆ ಮುಟ್ಟಿಸುವುದು ಮೇಲುನೋಟಕ್ಕೆ ಗುಮಾಸ್ತಗಿರಿಯಂತೆ ಕಂಡರೂ, ಪ್ರಜಾಪ್ರಭುತ್ವದಲ್ಲಿ ಮನುಷ್ಯನೊಬ್ಬನ ಅಸ್ತಿತ್ವವು ಲೆಕ್ಕಕ್ಕೆ ಬರುವುದೋ ಬಾರದೋ ಎಂಬುದು ನಿರ್ಣಯವಾಗುವುದು ಅಲ್ಲಿಯೇ.

ಈ ಸೀಮೆಯಲ್ಲಿ ಆ ಕೆಲಸವು ಮತ್ತಷ್ಟು ಸೂಕ್ಷ್ಮವಾದುದು. ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದ ತಿಂಗಳುಗಳಲ್ಲಿ, ಮನೆಗೆ ಬೀಗ ಹಾಕಿ, ಮುದುಕರನ್ನಷ್ಟೆ ಊರಲ್ಲಿ ಬಿಟ್ಟು, ಗಂಡ ಹೆಂಡಿರು ಮಕ್ಕಳೊಡನೆ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಪುಣೆ ಮುಂಬಯಿಗಳ ಕಡೆಗೋ ಗುಳೆ ಹೋಗುತ್ತಾರೆ. ಚುನಾವಣೆ ಬಂದಾಗ ಇವರನ್ನು ಕರೆತರಲು ವಾಹನಗಳ ಏರ್ಪಾಡಾಗುವುದುಂಟು. ಮತ ಹಾಕಿದ ಮರುದಿನವೇ ಅದೇ ಜನ ಮರಳಿ ಹೋಗುವುದೂ ಉಂಟು. ಗುಳೆ ಹೋದವನ ಫೋನ್ ನಂಬರನ್ನು ಮತದಾನದ ವಾರದಲ್ಲಿ ಹುಡುಕುವ ಪಕ್ಷ, ಅವನ ಮಗುವಿನ ಶಾಲೆಯ ದಾಖಲಾತಿಗಾಗಿ, ಅವನ ಮುದಿ ತಾಯಿಯ ಪಿಂಚಣಿಗಾಗಿ, ಉದ್ಯೋಗ ಖಾತ್ರಿಯಲ್ಲಿ ಅವನಿಗೆ ಸಿಗಬೇಕಾಗಿದ್ದ ದಿನಗಳ ಕೆಲಸಕ್ಕಾಗಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತಿದ್ದರೆ, ಅವನು ಗುಳೆ ಹೋಗುವ ಪ್ರಸಂಗವೇ ಎಷ್ಟೋ ಸಲ ಬರುತ್ತಿರಲಿಲ್ಲ. ಹಳ್ಳಿಯ ಪಕ್ಷಸಂಘಟನೆಯ ಸತ್ತ್ವಪರೀಕ್ಷೆ ಎರಡು ಚುನಾವಣೆಗಳ ನಡುವಣ ಈ ಅವಧಿಯಲ್ಲಿಯೇ ಆಗತಕ್ಕದ್ದೆಂಬುದು ನನ್ನ ದೃಢವಾದ ನಂಬಿಕೆ.

ಕಾನೂನು ಇಲ್ಲಿ ಒಂದು ವಿಚಿತ್ರ ಸನ್ನಿವೇಶವನ್ನು ನಿರ್ಮಿಸಿದೆ. ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದ ಅಬ್ದುಲ್ ನಜೀರ್ ಸಾಬರ ಪರಿಶ್ರಮದಿಂದ ರೂಪುಗೊಂಡ 1983ರ ಕಾಯಿದೆಯಂತೆ 1987ರ ಜನವರಿಯಲ್ಲಿ ನಡೆದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆಯಲ್ಲಿ ಪಕ್ಷಗಳು ತಮ್ಮ ಚಿಹ್ನೆಗಳೊಡನೆ ಬಹಿರಂಗವಾಗಿ ಸ್ಪರ್ಧಿಸಿದವು. ಸ್ತ್ರೀಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಮೀಸಲಿಟ್ಟ ಆ ಕಾಯಿದೆಯು ದೇಶಕ್ಕೇ ದಾರಿ ತೋರಿತು. 1993ರ ಪಂಚಾಯತ್ ರಾಜ್ ಕಾಯಿದೆ ಬಂದ ಮೇಲೆ ಗ್ರಾಮ ಪಂಚಾಯತಿಯ ಚುನಾವಣೆಯು ಪಕ್ಷರಹಿತವಾಯಿತು. ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ ಮಾತ್ರ ಪಕ್ಷದ ಚಿಹ್ನೆ ಉಳಿಯಿತು. ಊರೊಳಗಿನ ಸೌಹಾರ್ದವನ್ನು ಪಕ್ಷಭೇದವು ಕೆಡಿಸಬಾರದೆಂಬ ಸದಾಶಯ ಅದರ ಹಿಂದಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ 2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಯ ಫಲಿತಾಂಶ ಬಂದ ಕೂಡಲೆ, ಗೆದ್ದವರಲ್ಲಿ ಇಷ್ಟು ಸಾವಿರ ಜನ ನಮ್ಮವರೆಂದು ಎಲ್ಲ ಪಕ್ಷಗಳೂ ಲೆಕ್ಕ ಹೇಳಿದವಲ್ಲವೇ? ಪಕ್ಷವು ಅಲ್ಲಿ ಇದ್ದೇ ಇದೆ. ಉತ್ತರಿಸಬೇಕಾದ ಹೊಣೆಯೊಂದು ಮಾತ್ರ ಇಲ್ಲ. ಚಿಹ್ನೆಯಿಲ್ಲದ ಕಡೆ ಜಾತಿಯೂ ಗೌಡಿಕೆಯೂ ಹಣವೂ ಆ ತೆರವಾದ ಸ್ಥಾನವನ್ನು ತುಂಬುತ್ತವೆ. ಇನ್ನು ಚಿಹ್ನೆಯಿರುವ ತಾಲೂಕು, ಜಿಲ್ಲಾ ಪಂಚಾಯತಿಗಳ ಚುನಾವಣೆ 2016ರ ಫೆಬ್ರವರಿಯಲ್ಲಿ ನಡೆದ ಬಳಿಕ, ಅವಧಿ 2021ರಲ್ಲಿಯೇ ತೀರಿದರೂ, ವರ್ಷಗಟ್ಟಲೆ ನಡೆಯಲೇ ಇಲ್ಲ. ಹಳ್ಳಿಯ ಕಾರ್ಯಕರ್ತನು ಬಹಿರಂಗವಾಗಿ ಮೇಲಕ್ಕೆ ಏರಬಹುದಾಗಿದ್ದ ಮಧ್ಯದ ಮೆಟ್ಟಿಲನ್ನೇ ಹೀಗೆ ತೆಗೆದಂತಾಯಿತು. ಇದು ಪ್ರಜಾಪ್ರಭುತ್ವಕ್ಕೆ ಆದ ಸಣ್ಣ ನಷ್ಟವೇನಲ್ಲ.

ಮೇಲಿನ ಹಂತದಲ್ಲಿ ಪಕ್ಷನಿಷ್ಠೆ ಎಷ್ಟು ಸಡಿಲವಾದುದೆಂಬುದಕ್ಕೆ ನೆರೆಯ ಮಸ್ಕಿಯೇ ಸಾಕ್ಷಿ. ಅಶೋಕನ ಹೆಸರನ್ನು ಹೊತ್ತ ಶಿಲಾಶಾಸನದಿಂದ ಪ್ರಖ್ಯಾತವಾದ ಈ ಊರು 2008ರ ಕ್ಷೇತ್ರವಿಂಗಡಣೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರವಾಯಿತು. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಭಾಜಪದ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದರು. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ಅದೇ ಇಬ್ಬರು ಎದುರುಬದುರಾದರು. ಆದರೆ ಪ್ರತಾಪಗೌಡರು ಭಾಜಪದಲ್ಲಿಯೂ ಬಸನಗೌಡರು ಕಾಂಗ್ರೆಸ್ಸಿನಲ್ಲಿಯೂ ಇದ್ದರು. ಗೆಲುವು ಬಸನಗೌಡರದಾಯಿತು; ಅಂತರ ಮೂವತ್ತು ಸಾವಿರವನ್ನು ಮೀರಿತ್ತು. ಅಭ್ಯರ್ಥಿಗಳು ಪಕ್ಷ ಬದಲಿಸಿದಾಗ ಬೂತಿನಲ್ಲಿ ಹತ್ತಾರು ವರ್ಷ ಧ್ವಜ ಹೊತ್ತವನ ಗತಿಯೇನು, ನೆನ್ನೆ ಯಾರ ವಿರುದ್ಧ ಮನೆಮನೆ ತಿರುಗಿದನೋ ಇಂದು ಅವರಿಗಾಗಿಯೇ ಅದೇ ಮನೆಗಳಿಗೆ ಹೇಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಪಕ್ಷಗಳ ಹಿರಿಯರು ಗಂಭೀರವಾಗಿ ಆಲೋಚಿಸಬೇಕು.

ಆ ಉಪಚುನಾವಣೆಯ ಕಾಲದಲ್ಲಿಯೇ ಜನರು ಎತ್ತಿ ಹಿಡಿದ ಬೇರೊಂದು ವಿಷಯವಿತ್ತು: ನಾರಾಯಣಪುರ ಬಲದಂಡೆಯ 5ಎ ಕಾಲುವೆ. ಪಾಮನಕಲ್ಲೂರಿನಲ್ಲಿ ರೈತರು ದೀರ್ಘಕಾಲ ಧರಣಿ ಕುಳಿತು, ತಮ್ಮ ಒಣಭೂಮಿಗೆ ಕೃಷ್ಣೆಯ ನೀರು ಬರಲೇಬೇಕೆಂದು ಹಟ ಹಿಡಿದರು. ಆ ಧರಣಿಯ ಬಲದಿಂದ, ಪ್ರಚಾರಕ್ಕೆ ಬಂದ ಎಲ್ಲ ಪಕ್ಷದವರೂ ಮೊದಲು ಕಾಲುವೆಯ ಮಾತನ್ನು ಆಡಲೇಬೇಕಾಯಿತು. ಪಕ್ಷವು ಜನರಿಗೆ ವಿಷಯವನ್ನು ಕಲಿಸುವುದಕ್ಕೆ ಪ್ರತಿಯಾಗಿ, ಜನರು ಪಕ್ಷಗಳಿಗೆ ವಿಷಯವನ್ನು ಕಲಿಸಿದ ಪ್ರಸಂಗವಿದು. ಸಿಂಧನೂರು, ಮಾನವಿಗಳ ಕಡೆ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಮಾಡುತ್ತ ಬಂದಿರುವುದೂ ಇದೇ ಬಗೆಯ ಕೆಲಸ: ಮೇಲ್ಭಾಗದಲ್ಲಿ ನೀರು ಮುಗಿದು ತಮ್ಮ ತೂಬಿಗೆ ಬಾರದಿದ್ದಾಗ ತಹಶೀಲ್ದಾರರಿಗೆ ಮನವಿ, ಬಳಿಕ ನೀರಾವರಿ ಇಲಾಖೆಯ ಕಚೇರಿಯೆದುರು ಧರಣಿ, ಅದಕ್ಕೂ ಬಗ್ಗದಿದ್ದರೆ ರಸ್ತೆ ತಡೆ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಎಡದಂಡೆಯ ಹಳ್ಳಿಗಳಲ್ಲಿ ಉಂಟಾದ ಆತಂಕಕ್ಕೆ ಪಕ್ಷಭೇದವಿರಲಿಲ್ಲ.

ಆದರೆ ಮನವಿಯ ಬಲ ಒಂದು, ಮತದ ಬಲ ಇನ್ನೊಂದು. ಒಂದುಳ್ಳವರಿಗೆ ಇನ್ನೊಂದು ತಾನಾಗಿ ದೊರೆಯುವುದಿಲ್ಲ. 1980ರ ನರಗುಂದ, ನವಲಗುಂದಗಳ ರೈತಬಂಡಾಯದ ಬೆನ್ನಿಗೆ ಹುಟ್ಟಿದ ಕರ್ನಾಟಕ ರಾಜ್ಯ ರೈತಸಂಘವು, ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ಊರೂರಿಗೆ ಹಸಿರು ಶಾಲನ್ನು ಮುಟ್ಟಿಸಿತು. ಅನುಮತಿಯಿಲ್ಲದೆ ಅಧಿಕಾರಿಗಳು ಊರನ್ನು ಪ್ರವೇಶಿಸಕೂಡದೆಂಬ ಫಲಕಗಳನ್ನು ಅಗಸಿಗಳಲ್ಲಿ ನಿಲ್ಲಿಸಿತು. ಅಷ್ಟು ವ್ಯಾಪಕವಾದ ಸಂಘಟನೆಯಿದ್ದೂ 1989ರ ವಿಧಾನಸಭಾ ಚುನಾವಣೆಯಲ್ಲಿ ಅದಕ್ಕೆ ದಕ್ಕಿದುದು ಕಿತ್ತೂರು, ಧಾರವಾಡ ಗ್ರಾಮಾಂತರ ಎಂಬ ಎರಡೇ ಕ್ಷೇತ್ರಗಳು. ಎರಡರಲ್ಲಿಯೂ ಗೆದ್ದವರು ಬಾಬಾಗೌಡ ಪಾಟೀಲರೊಬ್ಬರೇ. ಸಂಘದ ಸಭೆಗೆ ಬಂದ ರೈತನು ಮತಗಟ್ಟೆಯಲ್ಲಿ ತನ್ನ ಬೀಗರ, ಕುಲಬಾಂಧವರ, ಸಾಲ ಕೊಟ್ಟವರ ಮಾತನ್ನು ಮೀರಲಾರದೆ ಹೋದನು.

ಸಂಘಟಿತ ಒತ್ತಾಯವು ಪಕ್ಷಗಳನ್ನು ದಾಟಿ ಫಲಿಸಿದ ಉದಾಹರಣೆಯೂ ಈ ಸೀಮೆಯದೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವೇ ಆಗಿದ್ದವು. ಈ ವಿಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರು ಬೀದಿಯಲ್ಲಿ ಹೋರಾಡಿದರು. ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಮೊದಲಾದವರು ಸಂಸತ್ತಿನಲ್ಲಿ ಪ್ರಯತ್ನಿಸಿದರು. ಒಮ್ಮೆ ಕೇಂದ್ರ ಸರ್ಕಾರ ತಿರಸ್ಕರಿಸಿದ ಬೇಡಿಕೆಯು ಕೊನೆಗೆ 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಾಗಿ ಅಂಗೀಕಾರಗೊಂಡು, 371ಜೆ ವಿಧಿಯು 2013ರಿಂದ ಜಾರಿಗೆ ಬಂದಿತು. ಇದರ ಫಲವಾಗಿ ಮುಕ್ಕುಂದದ ವಿದ್ಯಾರ್ಥಿಯೊಬ್ಬನಿಗೆ ವೈದ್ಯಕೀಯ, ತಾಂತ್ರಿಕ ಶಿಕ್ಷಣದಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ಮೀಸಲು ಸ್ಥಾನವುಂಟು. ಅದಕ್ಕೆ ಬೇಕಾದ ಸ್ಥಳೀಯ ವ್ಯಕ್ತಿಯ ಅರ್ಹತಾ ಪತ್ರವನ್ನು ಪಡೆಯುವ ಕ್ರಮವನ್ನು ಆತನ ತಂದೆತಾಯಿಗಳಿಗೆ ತಿಳಿಸಿಕೊಡುವವರು ಊರಿನಲ್ಲಿ ಯಾರು? ದಿಲ್ಲಿಯಲ್ಲಿ ಗೆದ್ದ ಹೋರಾಟವು ಅರ್ಜಿಯ ಹಾಳೆಯಾಗಿ ಹಳ್ಳಿಯ ಮನೆಗೆ ಮುಟ್ಟುವವರೆಗೂ ಅಪೂರ್ಣವೇ.

ಅಂಥ ಕೆಲಸಕ್ಕೆ ಕಾಯಿದೆಯೇ ಒದಗಿಸಿದ ವೇದಿಕೆಗಳು ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳು. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಈ ಸಭೆಗಳಲ್ಲಿಯೇ ಮನೆ ಯಾರಿಗೆ, ಚರಂಡಿ ಯಾವ ಓಣಿಗೆ, ಕುಡಿಯುವ ನೀರಿನ ಕೊಳವೆ ಮೊದಲು ಎಲ್ಲಿಗೆ ಎಂಬುದು ನಿಶ್ಚಯವಾಗತಕ್ಕದ್ದು. ಸಭೆಯ ದಿನವನ್ನು ಡಂಗುರ ಹೊಡೆಸಿ ತಿಳಿಸುವುದು, ಕೇರಿಯ ಹೆಣ್ಣುಮಕ್ಕಳು ಬರಲು ಅನುಕೂಲವಾಗುವ ವೇಳೆಯನ್ನು ಗೊತ್ತುಮಾಡಿಸುವುದು, ನಡಾವಳಿಯ ಪುಸ್ತಕದಲ್ಲಿ ಅವರ ಬೇಡಿಕೆಯನ್ನು ಬರೆಯಿಸಿ ಓದಿಸಿ ಕೇಳುವುದು, ಮುಂದಿನ ಸಭೆಯಲ್ಲಿ ಅದು ಏನಾಯಿತೆಂದು ಪ್ರಶ್ನಿಸುವುದು, ಇವಕ್ಕೆ ಧ್ವಜವೂ ಬೇಡ, ಟಿಕೆಟ್ಟೂ ಬೇಡ; ಯಾವ ಪಕ್ಷದ ಕಾರ್ಯಕರ್ತನಿಗೂ ಅಡ್ಡಿಯಿಲ್ಲ. ಹಿಂದೆ ಗಡಿಯಾಗಿದ್ದ ನದಿಯ ಎರಡು ದಡಗಳೂ, ಸಿಂಧನೂರು ಮತ್ತು ಸಿರುಗುಪ್ಪಗಳು, ಇಂದು ಕೊಪ್ಪಳವೆಂಬ ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ. ಮುಂದಿನ ಸಲ ಮತ ಕೇಳಲು ಬರುವವರ ಮುಂದೆ ಕಳೆದ ಐದು ವರ್ಷಗಳ ನಡಾವಳಿಯ ಪುಸ್ತಕವನ್ನು ತೆರೆದಿಟ್ಟು, ನಮ್ಮ ಈ ಬೇಡಿಕೆಗಾಗಿ ನಿಮ್ಮವರು ಯಾವ ದಿನ ಯಾವ ಕಚೇರಿಗೆ ಹೋಗಿದ್ದರೆಂದು ಕೇಳುವ ಹಕ್ಕು ಮುಕ್ಕುಂದದ ಮತದಾರರಿಗೆ ಈಗಲೂ ಇದೆ.