ಒಂದು ನಿಮಿಷದ ಭಾರ

ಗಂಟೆಗೆ 285 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 79 ಮೀಟರ್. ಅಂಥ ಓಟದಲ್ಲಿ ಹಳಿ ಪಕ್ಕದ ಸಿಗ್ನಲ್ ಕಂಬ ನೋಡಿಕೊಂಡು ರೈಲು ನಡೆಸುವುದು ಆಗದ ಮಾತು. ಅದಕ್ಕೇ, ವೇಗ ಇನ್ನೂ ಇಷ್ಟಾಗಿರದ 1964ರ ಅಕ್ಟೋಬರ್ 1ರಂದು ಟೋಕಿಯೊ–ಒಸಾಕಾ ನಡುವೆ ಜಪಾನಿನ ಅತಿವೇಗದ ರೈಲು ಶಿಂಕಾನ್ಸೆನ್ ಮೊದಲು ಹೊರಟಾಗಲೇ ಸಿಗ್ನಲ್ ಚಾಲಕರ ಮುಂದಿನ ಫಲಕಕ್ಕೆ ಬಂದಿತ್ತು. ಅಲ್ಲಿ ತೋರಿಸಿದ ವೇಗ ಮೀರಿದರೆ ಎಟಿಸಿ ಎಂಬ ವ್ಯವಸ್ಥೆ ತಾನೇ ಬ್ರೇಕ್ ಹಾಕುತ್ತದೆ.

ಮತ್ತೆ ಚಾಲಕರಿಗೇನು ಕೆಲಸ? ಮುಖ್ಯವಾಗಿ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು. ಈ ಮಾರ್ಗದ ವೇಳಾಪಟ್ಟಿ 15 ಸೆಕೆಂಡುಗಳ ಲೆಕ್ಕದ್ದು. ಕೈಗವಸು ತೊಟ್ಟ ಬೆರಳು ತೋರಿಸಿ ಸಮಯ, ವೇಗವನ್ನು ಗಟ್ಟಿಯಾಗಿ ಹೇಳುತ್ತಾರೆ. ನಮ್ಮಲ್ಲೂ ಲೋಕೋ ಪೈಲಟ್ ಮತ್ತು ಸಹಾಯಕರು ಸಿಗ್ನಲ್ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಶಿಂಕಾನ್ಸೆನ್ ಕ್ಯಾಬಿನ್ನಿನಲ್ಲಿ ಒಬ್ಬರೇ. ತಾವೇ ಹೇಳಿ ತಾವೇ ಕೇಳಿಸಿಕೊಳ್ಳಬೇಕು. ಕೈಚಳಕ ಕಾಣುವುದು ನಿಲ್ಲಿಸುವಾಗ. 16 ಬೋಗಿಗಳ, ಸುಮಾರು 400 ಮೀಟರ್ ಉದ್ದದ ರೈಲನ್ನು, ಬಾಗಿಲ ಬಳಿ ನಿಂತವರು ಮುಗ್ಗರಿಸದ ಹಾಗೆ, ಸರಿಯಾಗಿ ಗುರುತಿಗೇ ತಂದು ನಿಲ್ಲಿಸಬೇಕು.

ಕಷ್ಟವಿರುವುದು ನಿಲ್ದಾಣಗಳ ನಡುವೆ. ಕೈಗೆ ಕೆಲಸ ಕಡಿಮೆ, ಗಮನ ಮಾತ್ರ ಅತ್ತಿತ್ತ ಹೋಗಕೂಡದು. 2003ರ ಫೆಬ್ರುವರಿಯಲ್ಲಿ ಸಾನ್ಯೊ ಎಂಬ ಇನ್ನೊಂದು ಶಿಂಕಾನ್ಸೆನ್ ಮಾರ್ಗದಲ್ಲಿ ಸುಮಾರು 270 ಕಿ.ಮೀ. ವೇಗದಲ್ಲಿದ್ದ ರೈಲಿನ ಚಾಲಕ ಎಂಟು ನಿಮಿಷ ನಿದ್ದೆ ಹೋದ. ಒಕಾಯಾಮಾ ನಿಲ್ದಾಣದಲ್ಲಿ ರೈಲನ್ನು ಎಟಿಸಿಯೇ ನಿಲ್ಲಿಸಿತು. ನಿಲ್ಲಬೇಕಾದ ಜಾಗ ಇನ್ನೂ ಮುಂದಿದೆಯಲ್ಲ ಎಂದು ಕಂಡಕ್ಟರ್ ಹೋಗಿ ನೋಡಿದರೆ ಚಾಲಕ ಎದ್ದೇ ಇರಲಿಲ್ಲ. ತಪಾಸಣೆಯಲ್ಲಿ ಗೊತ್ತಾಯಿತು: ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಬೇಜವಾಬ್ದಾರಿ ಎಂದು ಬೈದು ಕೈತೊಳೆದುಕೊಳ್ಳಬಹುದಾಗಿದ್ದ ಪ್ರಕರಣ ಚಾಲಕರ ಆರೋಗ್ಯದ ಪ್ರಶ್ನೆಯಾಯಿತು.

2021ರ ಮೇ ತಿಂಗಳಲ್ಲಿ ಇನ್ನೊಬ್ಬ ಚಾಲಕ ಹೊಟ್ಟೆನೋವು ತಾಳಲಾರದೆ, ಚಾಲನಾ ಪರವಾನಗಿಯಿಲ್ಲದ ಕಂಡಕ್ಟರನ್ನು ಕ್ಯಾಬಿನ್ನಿನಲ್ಲಿ ಬಿಟ್ಟು ಶೌಚಾಲಯಕ್ಕೆ ಹೋದ. ಸುಮಾರು ಮೂರು ನಿಮಿಷ. ರೈಲು 150 ಕಿ.ಮೀ. ವೇಗದಲ್ಲಿ ಓಡುತ್ತಲೇ ಇತ್ತು. ವಿಷಯ ಬಯಲಾದದ್ದು ರೈಲು ಒಂದು ನಿಮಿಷ ತಡವಾಯಿತೇಕೆ ಎಂದು ವಿಚಾರಿಸಿದಾಗ! ನಿಯಂತ್ರಣ ಕೇಂದ್ರಕ್ಕೆ ತಿಳಿಸಿದ್ದರೆ ದಾರಿಯಿತ್ತು; ರೈಲು ತಡಮಾಡಲು ಆತನಿಗೆ ಮನಸ್ಸಾಗಲಿಲ್ಲ. ತಪ್ಪು ತಪ್ಪೇ. ಆದರೆ ಹೊಟ್ಟೆನೋವನ್ನೂ ಹೇಳಿಕೊಳ್ಳಲಾಗದಷ್ಟು ಬಿಗಿಯಾದ ಶಿಸ್ತಿನದೂ ಅದರಲ್ಲಿ ಪಾಲಿದೆ ಎಂದೇ ನನಗನಿಸುತ್ತದೆ.

ಜೆಆರ್ ಈಸ್ಟ್ ಎಂಬ ರೈಲು ಸಂಸ್ಥೆ 2030ರ ದಶಕದ ಮಧ್ಯದ ಹೊತ್ತಿಗೆ ಟೋಕಿಯೊ–ನೀಗಾಟಾ ನಡುವೆ ಚಾಲಕರಿಲ್ಲದ ರೈಲು ಓಡಿಸುವ ಯೋಜನೆ ಹಾಕಿಕೊಂಡಿದೆ. ಟೋಕಿಯೊ–ಒಸಾಕಾ ಮಾರ್ಗ ನಡೆಸುವ ಜೆಆರ್ ಸೆಂಟ್ರಲ್‌ನ ದಾರಿ ಬೇರೆ: ಚಾಲಕರು ಕ್ಯಾಬಿನ್ನಿನಲ್ಲೇ ಇರುತ್ತಾರೆ, ವೇಗವೂ ನಿಲುಗಡೆಯೂ ಯಂತ್ರದ್ದು. ಕೈಗೆ ಅಷ್ಟೂ ಕೆಲಸವಿಲ್ಲದೆ ಒಸಾಕಾವರೆಗಿನ ಎರಡೂವರೆ ಗಂಟೆ ಎಚ್ಚರವಾಗಿ ಕೂರುವುದನ್ನು ಮುಂದಿನ ತಲೆಮಾರಿನ ಚಾಲಕರಿಗೆ ತರಬೇತಿಯಲ್ಲೇ ಕಲಿಸಬೇಕಾದೀತು.