ಆಡಿ ಮುಗಿದ ಮೇಲೆ ಉಳಿಯುವುದೇನು?

ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಎಂಟುನೂರು ವರ್ಷ ತುಂಬಿದೆ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೊಲಾಳ್ವನು 1224ರ ಸುಮಾರಿಗೆ ಅದನ್ನು ಕಟ್ಟಿಸಿದನು. ತುಂಗಭದ್ರೆಯ ದಡದಲ್ಲಿ ರಾಜ್ಯಗಳು ಬಂದುವು, ಹೋದುವು. ಬಲಭಾಗದಲ್ಲಿ ಹರನಾಗಿ, ಎಡಭಾಗದಲ್ಲಿ ಹರಿಯಾಗಿ ನಿಂತ ಆ ಮೂರ್ತಿ ಮಾತ್ರ ಇಂದಿಗೂ ಭಕ್ತರಿಗೆ ದರ್ಶನ ಕೊಡುತ್ತಿದೆ. ಕಲ್ಲಿನಲ್ಲಿ ಕಡೆದ ಕಲೆಗೆ ಇರುವ ಭಾಗ್ಯ ಅದು.

ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿರುವ ದಾವಣಗೆರೆಯೂ ಕಲೆಗೆ ಹೆಸರಾದ ಊರೇ. ಆದರೆ ಅಲ್ಲಿನ ಕಲೆ ಕಲ್ಲಿನದಲ್ಲ, ಮೈಯದು, ದನಿಯದು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ. ಬಿ. ಆರ್. ಡ್ರಾಮಾ ಕಂಪೆನಿ ಈ ಊರಿನ ಹೆಸರನ್ನು ನಾಡಿನ ಮೂಲೆ ಮೂಲೆಗೂ ಒಯ್ದಿತು. ಅವರ ಪುತ್ರಿ ಚಿಂದೋಡಿ ಲೀಲಾ ರಂಗವನ್ನೇರಿದರೆ ಪ್ರೇಕ್ಷಕರು ಮನೆಯ ಹಾದಿಯನ್ನೇ ಮರೆಯುತ್ತಿದ್ದರು. 1988ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. 2010ರಲ್ಲಿ ಅವರು ತೀರಿಕೊಂಡರು. ಕಂಪೆನಿ ನಾಟಕಗಳು ತುಂಬಿ ಮೆರೆದ ಕಾಲದಲ್ಲಿ ಅವು ಹೇಗಿದ್ದುವೆಂದು ಇಂದಿನ ಹುಡುಗನೊಬ್ಬನು ಕೇಳಿದರೆ ಹಿರಿಯರು ಬಾಯಿ ತುಂಬ ವರ್ಣಿಸಿಯಾರು. ಆದರೆ ಕಣ್ಣಿಗೆ ಕಟ್ಟುವಂತೆ ತೋರಿಸಲು ಅವರ ಕೈಯಲ್ಲಿ ಏನಿದೆ? ನಾಲ್ಕಾರು ಮಾಸಿದ ಛಾಯಾಚಿತ್ರಗಳು, ಒಂದೆರಡು ಕರಪತ್ರಗಳು. ನಟರು ತಿರುಗಿದ ರೀತಿ, ಮಾತಿನ ನಡುವೆ ನಿಂತ ಬಗೆ, ಚಪ್ಪಾಳೆಗಾಗಿ ಕಾದ ಗಳಿಗೆ, ಇವೆಲ್ಲ ಅಂದಂದಿನ ದೀಪದೊಡನೆಯೇ ಆರಿಹೋದುವು.

ಆಡಿ ಮುಗಿದ ಮೇಲೆ ಉಳಿಯುವುದೇನು ಎಂಬ ಈ ಪ್ರಶ್ನೆಯನ್ನೇ ಇಂದು ಜಗತ್ತಿನ ಕಲಾವಿದರ ಒಂದು ವರ್ಗ ತನ್ನ ಸಾಧನೆಯ ಕೇಂದ್ರವಾಗಿ ಮಾಡಿಕೊಂಡಿದೆ. ಅವರ ಕಲೆಗೆ ಪರ್ಫಾರ್ಮೆನ್ಸ್ ಕಲೆ ಎಂದೂ ವಿಡಿಯೋ ಕಲೆ ಎಂದೂ ಹೆಸರು.

ನಾಟಕವಲ್ಲ, ಸಿನಿಮಾವೂ ಅಲ್ಲ

ಪರ್ಫಾರ್ಮೆನ್ಸ್ ಕಲೆಯೆಂದರೆ ಚಿತ್ರಕಾರನೋ ಶಿಲ್ಪಿಯೋ ಬಣ್ಣ, ಕಲ್ಲುಗಳನ್ನು ಬದಿಗಿಟ್ಟು ತನ್ನ ಮೈಯನ್ನೇ ಸಾಧನವಾಗಿ ಬಳಸುವುದು. ಇಲ್ಲಿ ಕವಿ ಬರೆದುಕೊಟ್ಟ ನಾಟಕವಿರುವುದು ಅಪರೂಪ. ರಂಗಮಂಟಪವೂ ಬೇಕೆಂದಿಲ್ಲ, ಗ್ಯಾಲರಿಯ ಮೂಲೆಯಾಗಲಿ, ಸಂತೆಯ ಬೀದಿಯಾಗಲಿ ಸಾಕು. ಕಲಾವಿದೆ ರಾಣಿಯ ಪಾತ್ರ ವಹಿಸದೆ ತಾನು ತಾನಾಗಿಯೇ ಏನನ್ನೋ ಮಾಡುತ್ತಾಳೆ. ಆ ಮಾಡುವಿಕೆಯೇ ಕೃತಿ. ಅನೇಕ ವೇಳೆ ಅದು ಒಂದೇ ಒಂದು ಸಲ ನಡೆದು ಮುಗಿಯುತ್ತದೆ.

ವಿಡಿಯೋ ಕಲೆಯೂ ಇದರ ನೆರೆಮನೆಯದೇ. ಸಿನಿಮಾದಲ್ಲಿರುವಂತೆ ಕಥೆ, ಹಾಡು, ಮಧ್ಯಂತರಗಳ ಕಟ್ಟು ಇದಕ್ಕಿಲ್ಲ. ಗ್ಯಾಲರಿಯ ಗೋಡೆಯ ಮೇಲೆ ಅಥವಾ ಒಂದು ಪೆಟ್ಟಿಗೆಯ ಪರದೆಯ ಮೇಲೆ ಅದು ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ನೋಡುವವರು ನಡುವೆ ಬರಬಹುದು, ನಡುವೆ ಎದ್ದು ಹೋಗಬಹುದು.

ಕೊರಿಯಾದಲ್ಲಿ ಹುಟ್ಟಿದ ನಾಮ್ ಜುನ್ ಪೈಕ್ ಎಂಬ ಕಲಾವಿದನು 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್ ನಗರದಲ್ಲಿ ಹಲವು ಟೆಲಿವಿಷನ್ ಪೆಟ್ಟಿಗೆಗಳ ಬಿಂಬಗಳನ್ನು ಬೇಕೆಂದೇ ಕೆಡಿಸಿ, ತಿರುಚಿ ಪ್ರದರ್ಶನಕ್ಕಿಟ್ಟನು. ವಿಡಿಯೋ ಕಲೆಯ ಚರಿತ್ರೆಯನ್ನು ಅಲ್ಲಿಂದ ಆರಂಭಿಸುವುದು ವಾಡಿಕೆ. ಮರುವರ್ಷ ಜಪಾನಿನ ಕ್ಯೋಟೋ ನಗರದಲ್ಲಿ ಯೋಕೋ ಓನೋ ಎಂಬ ಕಲಾವಿದೆ ವೇದಿಕೆಯ ಮೇಲೆ ಮೌನವಾಗಿ ಕುಳಿತು ಎದುರಿಗೆ ಕತ್ತರಿಯೊಂದನ್ನು ಇಟ್ಟಳು. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಆಕೆಯ ಉಡುಪಿನ ಒಂದೊಂದು ತುಂಡನ್ನು ಕತ್ತರಿಸಿಕೊಂಡು ಹೋಗಬಹುದಾಗಿತ್ತು. 1965ರಲ್ಲಿ ನ್ಯೂಯಾರ್ಕಿನಲ್ಲಿ ಆಕೆ ಅದನ್ನು ಮತ್ತೆ ಮಾಡಿದಾಗ ಮೇಸಲ್ಸ್ ಸಹೋದರರು ಚಿತ್ರೀಕರಿಸಿಕೊಂಡರು. ಇಂದು ಲೋಕ ಕಾಣುತ್ತಿರುವ ಚಿತ್ರ ಆ ನ್ಯೂಯಾರ್ಕಿನದು. ದಾಖಲೆಯ ಮಹತ್ವಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಪ್ರೇಕ್ಷಕರ ಕೈಗೆ ತನ್ನನ್ನು ಒಪ್ಪಿಸುವ ಈ ಸಾಹಸವನ್ನು ತೀರ ತುದಿಗೆ ಒಯ್ದವಳು ಬೆಲ್‌ಗ್ರೇಡಿನ ಮರೀನಾ ಅಬ್ರಮೋವಿಚ್. 1974ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಆಕೆ ಮೇಜಿನ ಮೇಲೆ 72 ವಸ್ತುಗಳನ್ನು ಜೋಡಿಸಿದಳು. ಗುಲಾಬಿ, ಗರಿ, ಜೇನು ಇದ್ದುವು. ಚಾಕು, ಪಿಸ್ತೂಲು, ಗುಂಡು ಕೂಡ ಇದ್ದುವು. ಆರು ಗಂಟೆಗಳ ಕಾಲ ಯಾರು ಏನು ಮಾಡಿದರೂ ತಾನು ಕದಲುವುದಿಲ್ಲವೆಂದು ನಿಂತಳು. ಮೊದಮೊದಲು ಹೂವು ಕೊಟ್ಟ ಜನ ಬರಬರುತ್ತ ಬಟ್ಟೆ ಹರಿದರು, ಚರ್ಮವನ್ನು ಗೀರಿದರು; ಪಿಸ್ತೂಲನ್ನು ಆಕೆಯತ್ತ ಹಿಡಿದವನೂ ಇದ್ದನು. ಅವಧಿ ಮುಗಿದು ಆಕೆ ಅವರ ಕಡೆಗೆ ನಡೆಯತೊಡಗಿದಾಗ, ಆಕೆಯ ಕಣ್ಣನ್ನು ನೋಡಲಾರದೆ ಜನ ಚದರಿ ಓಡಿದರು. ಅಂದು ಕಲಾವಿದೆ ಮಾಡಿದ್ದು ಏನೂ ಇಲ್ಲ. ತಮ್ಮ ನಿಜರೂಪವನ್ನು ಕಂಡವರು ಪ್ರೇಕ್ಷಕರು.

ಕನ್ನಡನಾಡಿನಲ್ಲಿ

ಈ ಕಲೆ ಕನ್ನಡನಾಡಿಗೆ ದೂರದ ಸುದ್ದಿಯಾಗಿ ಉಳಿದಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎನ್. ಪುಷ್ಪಮಾಲಾ ಬರೋಡಾದಲ್ಲಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿ ಹೆಸರು ಗಳಿಸಿದವರು. 1990ರ ದಶಕದ ನಡುವಿನಲ್ಲಿ ಅವರು ಮಣ್ಣಿನ ಮೂರ್ತಿಗಳನ್ನು ಬಿಟ್ಟು ತಾವೇ ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರ ವರೆಗೆ ಅವರು ರಚಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಚಿತ್ರಮಾಲೆ ದೇಶವಿದೇಶಗಳಲ್ಲಿ ಪ್ರಖ್ಯಾತವಾಯಿತು. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಅದಕ್ಕೆ ನೆರವು ನೀಡಿತ್ತು.

ಈ ಮಾಲೆಯಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ. ಮಧ್ಯಮವರ್ಗದ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕಾಣುವ ಅದೇ ಲಕ್ಷ್ಮಿ. ಬರೆದ ಪರದೆ ಹಿಂದೆ, ಒಡವೆ ವಸ್ತ್ರಗಳು ಮೈಮೇಲೆ, ನಿಲುವು ಕೂಡ ಅದೇ. ಆದರೆ ಮುಖ ಪುಷ್ಪಮಾಲಾ ಅವರದು. ನೋಡುವವರಿಗೆ ಮೊದಲು ನಗು ಬರುತ್ತದೆ. ಆಮೇಲೆ ಒಂದು ಯೋಚನೆ ಹುಟ್ಟುತ್ತದೆ. ಹೆಣ್ಣು ಹೇಗೆ ನಿಲ್ಲಬೇಕು, ಹೇಗೆ ಉಡಬೇಕು ಎಂಬುದನ್ನು ಇಂತಹ ಪಟಗಳೇ ಅಲ್ಲವೆ ತಲೆಮಾರುಗಳಿಗೆ ಕಲಿಸಿದ್ದು?

ಅವರ ‘ರಾಷ್ಟ್ರೀಯ ಖೀರ್ ಮತ್ತು ದೇಶೀಯ ಸಲಾಡ್’ ಎಂಬ 2004ರ ವಿಡಿಯೋ ಕಿರುಚಿತ್ರದ ವಸ್ತುವಂತೂ ಗೃಹಿಣಿಯರಿಗೆ ತೀರ ಪರಿಚಿತವಾದುದು. ಹಿಂದಿನ ತಲೆಮಾರಿನ ಮನೆಯ ಅಡುಗೆ ಪುಸ್ತಕಗಳ ಬರಹವನ್ನು ಆಧರಿಸಿ, ಹೊಸದಾಗಿ ಸ್ವತಂತ್ರವಾದ ದೇಶದ ಆದರ್ಶ ಕುಟುಂಬವೊಂದನ್ನು ಅದು ಕಣ್ಣಮುಂದೆ ನಿಲ್ಲಿಸುತ್ತದೆ.

ಪುಷ್ಪಮಾಲಾ ಒಬ್ಬರೇ ಅಲ್ಲ. ಬೆಂಗಳೂರಿನ ಸುರೇಖಾ ವಿಡಿಯೋವನ್ನೇ ತಮ್ಮ ಮುಖ್ಯ ಮಾಧ್ಯಮಗಳಲ್ಲಿ ಒಂದಾಗಿ ಮಾಡಿಕೊಂಡು ಹೆಣ್ಣಿನ ಬಾಳನ್ನೂ ನಗರದ ಬದುಕನ್ನೂ ಕುರಿತು ಕೃತಿಗಳನ್ನು ರಚಿಸಿದ್ದಾರೆ. ಸ್ಮಿತಾ ಕಾರಿಯಪ್ಪ ಪರ್ಫಾರ್ಮೆನ್ಸ್ ಕಲೆಯಲ್ಲಿ ಹೆಸರಾದವರು. 2003ರಲ್ಲಿ ಸುರೇಶ್ ಜಯರಾಮ್ ತಮ್ಮ ಮನೆಯಲ್ಲಿಯೇ ತೆರೆದ ‘ಒನ್ ಶಾಂತಿರೋಡ್’ ಇಂತಹ ಪ್ರಯೋಗಗಳಿಗೆ ಆಸರೆಯಾಯಿತು.

ಇದು ಕಲೆಯೆ?

ಇಂತಹ ಪ್ರದರ್ಶನವನ್ನು ಮೊದಲ ಬಾರಿಗೆ ಕಂಡವರು ‘ಇದೂ ಒಂದು ಕಲೆಯೆ?’ ಎಂದು ಕೇಳುವುದು ಸಹಜ. ಆದರೆ ಮಧ್ಯ ಕರ್ನಾಟಕದ ಜನರಿಗೆ ಇದರ ಬೇರು ಅಷ್ಟೇನೂ ಅಪರಿಚಿತವಲ್ಲ. ಹಗಲುವೇಷದವರು ರಂಗಮಂಟಪವನ್ನು ಕೇಳಲಿಲ್ಲ, ಟಿಕೀಟು ಹರಿಯಲಿಲ್ಲ. ಹಾಡಹಗಲಿನಲ್ಲಿ ವೇಷ ಧರಿಸಿ ಬೀದಿಯಲ್ಲಿ ನಡೆದು ಬಂದರು; ಬೀದಿಯೇ ರಂಗವಾಯಿತು, ದಾರಿಹೋಕನೇ ಪ್ರೇಕ್ಷಕನಾದನು. ಹರಿಹರದ ಮೂರ್ತಿಯ ಮುಂದೆ ನಿಂತವರಿಗೂ ಒಂದೇ ಮೈಯಲ್ಲಿ ಇಬ್ಬರನ್ನು ಕಾಣುವ ಅಭ್ಯಾಸವಿದೆ. ಪುಷ್ಪಮಾಲಾ ಅವರ ಚಿತ್ರ ಬೇಡುವುದೂ ಅದನ್ನೇ: ಲಕ್ಷ್ಮಿಯನ್ನೂ ಕಾಣಬೇಕು, ಲಕ್ಷ್ಮಿಯ ವೇಷ ತೊಟ್ಟ ಹೆಣ್ಣನ್ನೂ ಕಾಣಬೇಕು.

ವ್ಯತ್ಯಾಸವಿಲ್ಲವೆಂದಲ್ಲ. ಹಗಲುವೇಷದವರು ಜನ ಬಲ್ಲ ಕಥೆಯನ್ನು ಆಡಿದರು, ಜನರನ್ನು ನಗಿಸಿದರು. ಹೊಸ ಕಲಾವಿದರು ಕಥೆಯ ಊರುಗೋಲನ್ನು ಕೊಡುವುದಿಲ್ಲ. ಅವರ ಕೆಲವು ಕೃತಿಗಳು ಟೊಳ್ಳಾಗಿರುವುದೂ ಉಂಟು. ಯಾವ ಕಲೆಯಲ್ಲಿ ತಾನೆ ಹೊಟ್ಟು ಇಲ್ಲ? ಕಾಳನ್ನು ಆರಿಸಿಕೊಳ್ಳುವುದು ನೋಡುವವರ ಕೆಲಸ.

ಹೊಟ್ಟೆಪಾಡು ಮತ್ತು ಉಳಿವು

ಮಕ್ಕಳನ್ನು ಕಲಾಶಾಲೆಗೆ ಕಳುಹಿಸುವ ತಂದೆತಾಯಿಗಳಿಗೆ ಇನ್ನೊಂದು ಚಿಂತೆ. ಮಾರಲು ಕೈಯಲ್ಲಿ ವಸ್ತುವೇ ಇಲ್ಲದ ಈ ಕಲೆಯಿಂದ ಬದುಕುವುದು ಹೇಗೆ? ವಿಡಿಯೋ ಕೃತಿಗೆ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದಾದ್ದರಿಂದ ಕಲಾವಿದನೇ ಮೂರೋ ಐದೋ ಪ್ರತಿಗಳೆಂದು ಮಿತಿ ಹಾಕಿ, ಅಂಕಿ ಬರೆದು, ಸಹಿ ಮಾಡಿದ ಪ್ರಮಾಣಪತ್ರದೊಡನೆ ಮಾರುತ್ತಾನೆ. ಪರ್ಫಾರ್ಮೆನ್ಸ್ ಕಲಾವಿದರಿಗೆ ಅದರ ಛಾಯಾಚಿತ್ರಗಳ ಮಾರಾಟ, ಸಂಸ್ಥೆಗಳ ಸಹಾಯಧನ, ಪಾಠ ಹೇಳುವ ಕೆಲಸ ಇವೇ ಆಧಾರ. ಸುಖದ ಹಾದಿಯೆಂದು ಯಾರೂ ಹೇಳಲಾರರು.

ಅದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಕ್ಷಣಿಕವಾದುದನ್ನು ಉಳಿಸಲು ಬಂದ ವಿಡಿಯೋ ತಾನೇ ಕ್ಷಣಿಕ! ಕಾಂತೀಯ ಟೇಪು ತೇವ, ಬೂಷ್ಟು, ಶಾಖಗಳಿಗೆ ಈಡಾಗಿ ಕೆಲವು ದಶಕಗಳಲ್ಲಿ ಹಾಳಾಗುತ್ತದೆ. ಟೇಪು ಚೆನ್ನಾಗಿದ್ದರೂ ಅದನ್ನು ನಡೆಸುವ ಯಂತ್ರವೇ ಸಿಕ್ಕುವುದಿಲ್ಲ. ವಿ. ಸಿ. ಆರ್. ಯಂತ್ರಗಳನ್ನು ಕಟ್ಟಕಡೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿತು. 1990ರ ದಶಕದಲ್ಲಿ ಮಗಳ ಮದುವೆಯ ಕ್ಯಾಸೆಟ್ಟನ್ನು ಜೋಪಾನವಾಗಿ ಬೀರುವಿನಲ್ಲಿಟ್ಟ ಮನೆಯವರಿಗೂ, ಅದೇ ದಶಕದ ವಿಡಿಯೋ ಕಲಾವಿದರಿಗೂ ಈ ಸಂಕಟ ಒಂದೇ. ಹೊಸ ರೂಪಕ್ಕೆ ಕಾಲಕಾಲಕ್ಕೆ ನಕಲು ಮಾಡುತ್ತ ಹೋಗುವುದೊಂದೇ ಪರಿಹಾರ.

ಎರಡನೆಯ ದಾರಿಯೊಂದುಂಟು. ಅಬ್ರಮೋವಿಚ್ 2005ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಸಂಗ್ರಹಾಲಯದಲ್ಲಿ ಏಳು ರಾತ್ರಿ, ಬಹುಪಾಲು ಇತರ ಕಲಾವಿದರ ಹಳೆಯ ಪರ್ಫಾರ್ಮೆನ್ಸುಗಳನ್ನು ತಾನೇ ಮತ್ತೆ ಮಾಡಿ ತೋರಿಸಿದಳು. ಒಂದು ಮೈಯಿಂದ ಇನ್ನೊಂದು ಮೈಗೆ ಕಲೆಯನ್ನು ದಾಟಿಸುವ ಈ ಉಪಾಯ ಪಶ್ಚಿಮಕ್ಕೆ ಹೊಸದಾಗಿ ತೋರಿತು. ಗುರುವಿನ ಮುಂದೆ ಕುಳಿತು ಕಲಿಯುವ ಈ ನಾಡಿನ ಪದ್ಧತಿ ಅದೇ ಅಲ್ಲವೆ?

ದಾವಣಗೆರೆಯ ಪಾಲು

ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯವಿದೆ. 2009ರಲ್ಲಿ ಸ್ಥಾಪಿತವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಅದು ಸೇರಿದೆ. ಚಿತ್ರ, ಶಿಲ್ಪಗಳನ್ನು ಕಲಿಯಲು ಸುತ್ತಲಿನ ಹಳ್ಳಿಪಟ್ಟಣಗಳ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಾರೆ. ಒಂದು ಕಾಲದಲ್ಲಿ ಶ್ರೀಮಂತರ ಸೊತ್ತಾಗಿದ್ದ ಕ್ಯಾಮೆರಾ ಇಂದು ಅವರ ಜೇಬಿನ ಫೋನಿನಲ್ಲಿಯೇ ಇದೆ. ಹೊಸ ಕಲೆಯ ಸಾಧನಗಳಿಗಾಗಿ ಅವರು ಬೆಂಗಳೂರಿಗೋ ಬರೋಡಾಕ್ಕೋ ಹೋಗಿ ಕಾಯಬೇಕಾಗಿಲ್ಲ.

ವಸ್ತುವಿಗಾಗಿಯೂ ದೂರ ಹೋಗಬೇಕಾಗಿಲ್ಲ. ಕಂಪೆನಿ ನಾಟಕಗಳಲ್ಲಿ ಬಣ್ಣ ಹಚ್ಚಿ ಹಣ್ಣಾದ ಜೀವಗಳು ಈ ನಾಡಿನಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅವರನ್ನು ಕುಳ್ಳಿರಿಸಿ ಮಾತನಾಡಿಸಿದರಷ್ಟೇ ಸಾಲದು. ಒಮ್ಮೆ ಎದ್ದು ನಿಂತು ಆ ನಡಿಗೆಯನ್ನು ನಡೆದು ತೋರಿಸಿರೆಂದು ಕೇಳಬೇಕು. ಅದನ್ನು ಕ್ಯಾಮೆರಾ ಹಿಡಿಯಬೇಕು; ಕಿರಿಯರ ಮೈ ಕಲಿಯಬೇಕು. ಹರಿಹರದ ಕಲ್ಲು ಎಂಟುನೂರು ವರ್ಷ ಕಾದಿದೆ, ಇನ್ನೂ ಕಾದೀತು. ಈ ಹಿರಿಯರು ಅಷ್ಟು ಕಾಲ ಕಾಯಲಾರರು.